ಚಾಳೀಸು ಬಂದ ಕಣ್ಣು, ಅಜ್ಜನ ಕಾಲದ ರೈಫಲ್



ನಲವತ್ತು ದಾಟಿದವರ ಮೂಗಿನ ಮೇಲೆ ಬಂದು ಕೂರುವ ಕನ್ನಡಕಕ್ಕೆ ನಮ್ಮ ಕಡೆ ಒಂದು ಸೊಗಸಾದ ಹೆಸರಿದೆ: ಚಾಳೀಸು. ಮುಂಬಯಿ, ಪುಣೆಯಲ್ಲಿ ನೆಲೆಸಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಾಠಿಯ ನೆರೆಹೊರೆಯವರು ಅದನ್ನೇ ಚಾಳಿಶಿ ಎನ್ನುತ್ತಾರೆ. ವಯಸ್ಸಿನ ಲೆಕ್ಕವೇ ಕನ್ನಡಕದ ಹೆಸರಾಗಿಬಿಟ್ಟಿದೆ. ಬೆಳಗಿನ ಪತ್ರಿಕೆಯನ್ನು ಕೈ ಚಾಚಿ ದೂರ ಹಿಡಿಯುವುದು, ಮಾತ್ರೆಯ ಪಟ್ಟಿಯ ಮೇಲಿನ ಸಣ್ಣ ಅಕ್ಷರಕ್ಕೆ ಕಣ್ಣು ಕಿರಿದು ಮಾಡುವುದು, ಸೂಜಿಗೆ ದಾರ ಪೋಣಿಸಲು ಮನೆಯ ಮಕ್ಕಳನ್ನು ಕೂಗುವುದು, ಇವೆಲ್ಲ ಯಾವ ಮನೆಯಲ್ಲಿ ಇಲ್ಲ ಹೇಳಿ?

ಇದೇ ಚಾಳೀಸು ಸಾವಿರಾರು ಮೈಲಿ ದೂರದ ಅಮೆರಿಕದಲ್ಲಿ ಬೇರೊಂದು ಬಗೆಯ ಜನರನ್ನು ಪೇಚಿಗೆ ಸಿಲುಕಿಸಿತು. ಅವರು ಲಿವರ್ ರೈಫಲ್ ಹಿಡಿದು ವರ್ಷಕ್ಕೊಮ್ಮೆ ಜಿಂಕೆ ಬೇಟೆಗೆ ಕಾಡಿಗೆ ಹೋಗುವ ಸಾಮಾನ್ಯ ಜನ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದ ಬಂದೂಕು ಗಟ್ಟಿಮುಟ್ಟಾಗಿಯೇ ಇದೆ, ಹಿಡಿದವನ ಕಣ್ಣು ಮಾತ್ರ ಸೋತಿದೆ. ಆಗ ಏನು ಮಾಡಬೇಕು? ಈ ಪ್ರಶ್ನೆಗೆ ನೂರೈವತ್ತು ವರ್ಷಗಳಲ್ಲಿ ಸಿಕ್ಕಿದ ಉತ್ತರಗಳ ಕಥೆಯನ್ನು ಈ ಬಾರಿ ನಿಮ್ಮ ಮುಂದಿಡುತ್ತಿದ್ದೇವೆ.

ನಮಗೂ ವಿಂಚೆಸ್ಟರ್ ರೈಫಲ್‌ಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ 'ಕಾಡಿನ ಕಥೆಗಳು' ಓದಿದವರಿಗೆಲ್ಲ ಬೆಂಗಳೂರಿನ ಕೆನೆತ್ ಆಂಡರ್ಸನ್ (1910-1974) ಪರಿಚಿತರು. ನರಭಕ್ಷಕಗಳ ಬೆನ್ನು ಹತ್ತಿ ದಕ್ಷಿಣದ ಕಾಡುಗಳನ್ನು ಸುತ್ತಿದ ಆ ಮನುಷ್ಯನ ನೆಚ್ಚಿನ ಆಯುಧ .405 ವಿಂಚೆಸ್ಟರ್, ಅಂದರೆ 1895ರ ಮಾದರಿಯ ಲಿವರ್ ರೈಫಲ್. ಆ ಕಾಲ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು 1991ರ ಅದರ ತಿದ್ದುಪಡಿಯ ನಂತರ ನಮ್ಮಲ್ಲಿ ಮೋಜಿನ ಬೇಟೆ ಕಾನೂನಿನ ಹೊರಗೆ ಉಳಿದ ಅಧ್ಯಾಯ. ಆದರೆ ಕೊಡಗಿನ ಮನೆಗಳಲ್ಲಿ ಕೈಲ್‌ಪೊಳ್ದ್ ದಿನ ಇವತ್ತಿಗೂ ಕೋವಿಗೆ ಪೂಜೆ ಆಗುತ್ತದೆ, ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ ನಡೆಯುತ್ತದೆ. ಅಲ್ಲಿಯ ಹಿರಿಯರಿಗೆ ಮುಂದೆ ಹೇಳುವ ವಿಷಯ ಚೆನ್ನಾಗಿ ಅರ್ಥವಾಗುತ್ತದೆ.

ಅಂಗಿ ಹೊಲಿಸುತ್ತಿದ್ದವನ ಬಂದೂಕು

ಹಾಲಿವುಡ್‌ನ ಕೌಬಾಯ್ ಚಿತ್ರಗಳಲ್ಲಿ ನೀವು ನೋಡಿರುತ್ತೀರಿ. ನಾಯಕ ಟ್ರಿಗರ್ ಸುತ್ತಲಿನ ಬಳೆಯಂಥ ಹಿಡಿಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆ ಎಳೆಯುತ್ತಾನೆ, ಟಕ್ ಟಕ್ ಎನ್ನುತ್ತದೆ, ಖಾಲಿ ತೋಟಾ ಹೊರಗೆ ಹಾರುತ್ತದೆ, ಹೊಸದು ಒಳಗೆ ಕೂರುತ್ತದೆ. ಇದೇ ಲಿವರ್ ರೈಫಲ್. ಬೆಂಜಮಿನ್ ಟೈಲರ್ ಹೆನ್ರಿ 1860ರಲ್ಲಿ ಇದರ ಒಂದು ಯಶಸ್ವಿ ರೂಪಕ್ಕೆ ಪೇಟೆಂಟ್ ಪಡೆದ. ಅವನಿಗೆ ಕೆಲಸ ಕೊಟ್ಟಿದ್ದ ಆಲಿವರ್ ವಿಂಚೆಸ್ಟರ್ ಮೂಲತಃ ಅಂಗಿ ತಯಾರಿಸುತ್ತಿದ್ದ ವ್ಯಾಪಾರಿ! ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಊರಿನಲ್ಲಿ 1866ರಿಂದ ಅವನ ಹೆಸರಿನಲ್ಲೇ ರೈಫಲ್‌ಗಳು ಬರತೊಡಗಿದವು. 1873ರ ಮಾದರಿ ಹೆಸರು ಮಾಡಿತು. ಆದರೆ ಮನೆಮಾತಾದದ್ದು ಜಾನ್ ಮೋಸೆಸ್ ಬ್ರೌನಿಂಗ್ ರೂಪಿಸಿದ 1894ರ ಮಾದರಿ. ಹಗುರ, ಚಪ್ಪಟೆ, ತೋಳಿನಡಿ ಹಿಡಿದು ಇಡೀ ದಿನ ನಡೆಯಬಹುದು. ಒಟ್ಟು ಎಪ್ಪತ್ತು ಲಕ್ಷಕ್ಕೂ ಹೆಚ್ಚು ತಯಾರಾದವು. ನ್ಯೂ ಹೇವನ್‌ನ ಕಾರ್ಖಾನೆ 2006ರಲ್ಲಿ ಬಾಗಿಲು ಹಾಕಿತು.

ಇಷ್ಟು ಬಂದೂಕುಗಳು ಇಷ್ಟು ಮನೆಗಳಲ್ಲಿ ಇದ್ದುದರಿಂದಲೇ ನಮ್ಮ ಕಥೆಗೆ ಅರ್ಥ. ಉಕ್ಕು ನೂರು ವರ್ಷ ಬಾಳುತ್ತದೆ. ಕಣ್ಣು ನಲವತ್ತೈದಕ್ಕೇ ತಕರಾರು ತೆಗೆಯುತ್ತದೆ.

ಮೂರು ಗುರುತು, ಒಂದು ಕಣ್ಣು

ಈ ರೈಫಲ್‌ನ ಗುರಿ ಸಾಧನ, ಅಂದರೆ ಸೈಟ್, ತುಂಬ ಸರಳ. ನಳಿಗೆಯ ತುದಿಯಲ್ಲಿ ಒಂದು ಸಣ್ಣ ಮಣಿ. ಅದಕ್ಕಿಂತ ಹಿಂದೆ, ನಳಿಗೆಯ ಮೇಲೆಯೇ, ಒಂದು ಕಚ್ಚು ಕೊರೆದ ಪಟ್ಟಿ. ಆ ಪಟ್ಟಿಯ ಎರಡು ಬದಿಗೆ ಜಿಂಕೆಯ ಕೊಂಬಿನಂತೆ ಕಿವಿಗಳು ಎದ್ದಿರುತ್ತವೆ, ಅದಕ್ಕೇ ಅಮೆರಿಕದಲ್ಲಿ ಅದನ್ನು ಬಕ್‌ಹಾರ್ನ್ ಎನ್ನುವುದು. ಕಚ್ಚಿನ ನಡುವೆ ಮಣಿ, ಮಣಿಯ ಮೇಲೆ ಗುರಿ. ಮೂರೂ ಒಂದೇ ಗೆರೆಗೆ ಬರಬೇಕು.

ತೊಡಕು ಇರುವುದು ಇಲ್ಲೇ. ಹಿಂದಿನ ಕಚ್ಚು ಕಣ್ಣಿನಿಂದ ಸುಮಾರು ಒಂದೂವರೆ ಎರಡು ಅಡಿ ದೂರ. ಮುಂದಿನ ಮಣಿ ಮೂರು ಅಡಿಯ ಆಸುಪಾಸು. ಗುರಿ ನೂರು ಅಡಿಯಿಂದ ಮುನ್ನೂರು ಅಡಿ. ಕಣ್ಣು ಒಂದು ಸಲಕ್ಕೆ ಒಂದೇ ದೂರವನ್ನು ಸ್ಪಷ್ಟವಾಗಿ ನೋಡಬಲ್ಲದು. ಹಾಗಾದರೆ ಹುಡುಗರು ಹೇಗೆ ಗುರಿಯಿಡುತ್ತಾರೆ? ಅವರ ಕಣ್ಣಿನ ಮಸೂರ ಮೃದು. ಅದು ಉಬ್ಬಿ ತಗ್ಗಿ ಒಂದರಿಂದ ಇನ್ನೊಂದಕ್ಕೆ ಎಷ್ಟು ಬೇಗ ಹಾರುತ್ತದೆಂದರೆ, ಮೂರೂ ಒಟ್ಟಿಗೆ ಕಾಣುತ್ತಿವೆ ಎಂದೇ ಅವರಿಗೆ ಅನ್ನಿಸುತ್ತದೆ.

ವಯಸ್ಸಾದಂತೆ ಮಸೂರ ಗಡುಸಾಗುತ್ತದೆ. ಇಪ್ಪತ್ತರ ಹರೆಯದಲ್ಲಿ ಸುಮಾರು 10 ಸೆಂಟಿಮೀಟರ್ ಹತ್ತಿರದ ವಸ್ತುವೂ ಸ್ಪಷ್ಟ. ನಲವತ್ತೈದರ ಹೊತ್ತಿಗೆ ಅದು 25-30 ಸೆಂಟಿಮೀಟರ್ ದೂರ ಸರಿಯುತ್ತದೆ. ಅರವತ್ತಕ್ಕೆ ಸುಮಾರು ಒಂದು ಮೀಟರ್. ಹಾಲೆಂಡ್‌ನ ಯೂಟ್ರೆಕ್ಟ್ ನಗರದ ವೈದ್ಯ ಫ್ರಾನ್ಸಿಸ್ಕಸ್ ಡೊಂಡರ್ಸ್ 1864ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಇದನ್ನು ವಿವರವಾಗಿ ತೋರಿಸಿಕೊಟ್ಟರು. ಹೆನ್ರಿ ರೈಫಲ್ ಬಂದು ಆಗಿನ್ನೂ ನಾಲ್ಕು ವರ್ಷ.

ಇದನ್ನು ಬಂದೂಕಿಗೆ ಅನ್ವಯಿಸಿ ನೋಡಿ. ಒಂದು ಮೀಟರ್ ಒಳಗಿನದು ಮಸುಕಾದರೆ ಮೊದಲು ಕೈಕೊಡುವುದು ಹಿಂದಿನ ಕಚ್ಚು. ಅದು ಕೂದಲು ಬೆಳೆದ ಕಂಬಳಿಹುಳದಂತೆ ಕಾಣತೊಡಗುತ್ತದೆ. ಮಣಿ ಎಲ್ಲಿ ಕೂತಿದೆ ಎಂಬುದು ಅಂದಾಜಿಗೆ ಬಿಟ್ಟ ಮಾತು. ಒಂದೇ ಒಂದು ಮಿಲಿಮೀಟರ್ ತಪ್ಪಿದರೆ ಏನಾಯಿತು ಎನ್ನುತ್ತೀರಾ? ಕಚ್ಚಿಗೂ ಮಣಿಗೂ ನಡುವಿನ ಅಂತರ ಸುಮಾರು 40 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ನೂರು ಮೀಟರ್ ದೂರದಲ್ಲಿ ಆ ಒಂದು ಮಿಲಿಮೀಟರ್ 25 ಸೆಂಟಿಮೀಟರ್ ಆಗುತ್ತದೆ. ಜಿಂಕೆಯ ಎದೆಯಲ್ಲಿ ಗುಂಡು ತಾಗಿದರೆ ತಕ್ಷಣ ಪ್ರಾಣ ಹೋಗುವ ಭಾಗ ಒಂದು ಊಟದ ತಟ್ಟೆಯಷ್ಟು. ಕಾಲು ಮೀಟರ್ ಆಚೀಚೆ ಆದರೆ ಪೂರ್ತಿ ತಪ್ಪಬಹುದು. ತಪ್ಪಿದರೆ ಒಳ್ಳೆಯದೇ. ಹೊಟ್ಟೆಗೋ ಕಾಲಿಗೋ ಬಿದ್ದರೆ ಆ ಪ್ರಾಣಿ ಪೊದೆಯೊಳಗೆ ನುಗ್ಗಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಮರ್ಯಾದಸ್ಥ ಬೇಟೆಗಾರ ಅತಿಯಾಗಿ ಹೆದರುವುದು ಇದಕ್ಕೇ. ಆದ್ದರಿಂದ ಕಣ್ಣಿನ ಮಾತು ಇಲ್ಲಿ ಬರೀ ಅನುಕೂಲದ ಮಾತಲ್ಲ.

ಲೈಮನ್‌ರ ತೂತು

ಮೊದಲ ಒಳ್ಳೆಯ ಉತ್ತರ ಬಂದದ್ದು ಅದೇ ಕನೆಕ್ಟಿಕಟ್ ರಾಜ್ಯದ ಮಿಡಲ್‌ಫೀಲ್ಡ್ ಎಂಬ ಪುಟ್ಟ ಊರಿನಿಂದ. ವಿಲಿಯಂ ಲೈಮನ್ ಅಲ್ಲಿಯವನು. ದೋಣಿ ಹುಟ್ಟು ಹಾಕುವವನು ಹಿಂದೆ ತಿರುಗಿ ಕೂರುತ್ತಾನಲ್ಲ, ಅವನು ಮುಂದೆ ನೋಡುತ್ತಲೇ ಹುಟ್ಟು ಹಾಕುವಂಥ ಒಂದು ಸಾಧನವನ್ನೂ ಮಾಡಿದ್ದ. ಒಟ್ಟಿನಲ್ಲಿ ಎದುರಿನದು ಚೆನ್ನಾಗಿ ಕಾಣಬೇಕೆಂಬ ಹಟದ ಮನುಷ್ಯ. ಅವನು 1879ರಲ್ಲಿ ಒಂದು ಹೊಸ ಸೈಟ್‌ಗೆ ಪೇಟೆಂಟ್ ಪಡೆದ.

ಲೈಮನ್ ಮಾಡಿದ್ದು ಇಷ್ಟೇ. ಕಚ್ಚನ್ನು ನಳಿಗೆಯಿಂದ ಕಿತ್ತು ಹಾಕಿ, ಅದರ ಬದಲು ಮರದ ಹಿಡಿಯ ಕುತ್ತಿಗೆಯ ಮೇಲೆ, ಟ್ಯಾಂಗ್ ಎನ್ನುವ ಉಕ್ಕಿನ ಪಟ್ಟಿಗೆ, ಒಂದು ತೂತಿರುವ ಬಿಲ್ಲೆಯನ್ನು ನಿಲ್ಲಿಸಿದ. ಅದು ಕಣ್ಣಿಗೆ ಕೆಲವೇ ಇಂಚು ದೂರ. ತೂತಿನ ಸೈಟ್ ಅವನಿಗಿಂತ ಮೊದಲೂ ಇತ್ತು. 1874ರಲ್ಲಿ ನ್ಯೂಯಾರ್ಕ್ ಬಳಿಯ ಕ್ರೀಡ್‌ಮೂರ್ ಮೈದಾನದಲ್ಲಿ ಅಮೆರಿಕ ಮತ್ತು ಐರ್ಲೆಂಡ್ ನಡುವೆ ಸಾವಿರ ಗಜದವರೆಗಿನ ಗುರಿಯ ಪಂದ್ಯ ನಡೆದು, ಅಮೆರಿಕದವರು 934-931 ಅಂಕಗಳಿಂದ ಗೆದ್ದಾಗ ಅವರ ರೈಫಲ್‌ಗಳಲ್ಲಿ ಇದ್ದದ್ದು ಇಂಥವೇ. ಆದರೆ ಅವು ಸೂಜಿಮೊನೆಯ ತೂತುಗಳು, ಮೈದಾನಕ್ಕೆ ಸರಿ. ಮರದ ನೆರಳಿನಲ್ಲಿ, ಮುಸ್ಸಂಜೆಯಲ್ಲಿ ಅದರೊಳಗೆ ನೋಡಿದರೆ ಬರೀ ಕತ್ತಲೆ. ಲೈಮನ್ ತೂತನ್ನು ದೊಡ್ಡದು ಮಾಡಿದ, ಅಂಚನ್ನು ತೆಳ್ಳಗೆ ಮಾಡಿದ.

ಇದರಿಂದ ಆದ ಲಾಭ ಮೂರು. ಒಂದು, ಹಿಂದಿನ ಸೈಟನ್ನು ನೋಡುವ ಕೆಲಸವೇ ಇಲ್ಲ, ಅದರ ಮೂಲಕ ನೋಡಿದರೆ ಸಾಕು. ಬಾಗಿಲ ಕಿಂಡಿಯಲ್ಲಿ ನೋಡುವಾಗ ನೀವು ಕಿಂಡಿಯ ಅಂಚನ್ನು ನೋಡುತ್ತೀರಾ? ಕಣ್ಣು ತಾನಾಗಿ ಬೆಳಕು ಹೆಚ್ಚಿರುವ ನಡುಭಾಗಕ್ಕೆ ಮಣಿಯನ್ನು ತಂದು ಕೂರಿಸುತ್ತದೆ. ಎರಡು, ಸಣ್ಣ ತೂತಿನ ಮೂಲಕ ನೋಡಿದಾಗ ಹತ್ತಿರದ್ದೂ ದೂರದ್ದೂ ತುಸು ಹೆಚ್ಚು ಸ್ಪಷ್ಟವಾಗುತ್ತದೆ. ನಂಬಿಕೆ ಇಲ್ಲದಿದ್ದರೆ ಈಗಲೇ ಕನ್ನಡಕ ತೆಗೆದಿಡಿ, ಒಂದು ದಪ್ಪ ಕಾಗದಕ್ಕೆ ಗುಂಡುಸೂಜಿಯಿಂದ ತೂತು ಮಾಡಿ ಈ ಪುಟವನ್ನೇ ಅದರಲ್ಲಿ ನೋಡಿ. ಅಕ್ಷರ ಮಂಕಾದರೂ ಚೂಪಾಗಿ ಕಾಣುತ್ತದೆ. ಮೂರು, ಎರಡು ಸೈಟ್‌ಗಳ ಅಂತರ 40ರಿಂದ ಸುಮಾರು 65 ಸೆಂಟಿಮೀಟರ್‌ಗೆ ಏರಿತು. ಮೊದಲಿನ ಒಂದು ಮಿಲಿಮೀಟರ್ ತಪ್ಪು ನೂರು ಮೀಟರ್‌ನಲ್ಲಿ 25ರ ಬದಲು 15 ಸೆಂಟಿಮೀಟರ್ ಆಯಿತು.

ಮುಂದೆ ಇದೇ ತತ್ವದ ಸೈಟ್‌ಗಳು ರೈಫಲ್‌ನ ಪಕ್ಕಕ್ಕೆ, ತೋಟಾ ಕೂರುವ ಉಕ್ಕಿನ ಪೆಟ್ಟಿಗೆಗೆ ಬಿಗಿಯುವಂತೆ ಬಂದವು. ಲೈಮನ್ ಜೊತೆಗೆ ರೆಡ್‌ಫೀಲ್ಡ್, ವಿಲಿಯಮ್ಸ್ ಮುಂತಾದವರೂ ಮಾಡಿದರು. ಕಣ್ಣು ಮಂಜಾಗತೊಡಗಿದ ಹಳಬರಿಗೆ ಅನುಭವಸ್ಥರು ಇಂದಿಗೂ ಮೊದಲು ಸೂಚಿಸುವುದು ಇದನ್ನೇ. ಬೆಲೆ ಕಡಿಮೆ, ಬ್ಯಾಟರಿ ಬೇಡ, ರೈಫಲ್‌ನ ಅಂದ ಕೆಡುವುದಿಲ್ಲ.

ದುರ್ಬೀನು ಮತ್ತು ತಲೆಯ ಮೇಲೆ ಹಾರುವ ತೋಟಾ

ತೂತಿನ ಸೈಟ್‌ನಲ್ಲೂ ಮುಂದಿನ ಮಣಿಯನ್ನು ಕಣ್ಣೇ ನೋಡಬೇಕು. ಆ ಮಣಿಯೂ ಮಸುಕಾದಾಗ? ಆಗ ಗುರಿ ಮತ್ತು ಗುರುತು ಎರಡನ್ನೂ ಒಂದೇ ದೂರದಲ್ಲಿ ತೋರಿಸುವ ದುರ್ಬೀನು, ಅಂದರೆ ಸ್ಕೋಪ್ ಬೇಕು. ಅದರೊಳಗಿನ ಅಡ್ಡಗೆರೆಯೂ ಜಿಂಕೆಯೂ ಒಂದೇ ಚಿತ್ರದಲ್ಲಿರುತ್ತವೆ. ಕಣ್ಣಿನ ಬಳಿಯ ಬಿರಡೆ ತಿರುಗಿಸಿ ನಿಮ್ಮ ಕಣ್ಣಿಗೆ ಹೊಂದಿಸಿಕೊಂಡರಾಯಿತು. ಅಮೆರಿಕದ ಅಂತರ್ಯುದ್ಧದ ಕಾಲಕ್ಕೇ ಉದ್ದನೆಯ ಸ್ಕೋಪ್‌ಗಳು ಇದ್ದವು. ಆದರೆ ಸಾಮಾನ್ಯ ಬೇಟೆಗಾರನ ಕೈಗೆಟುಕುವ ಸ್ಕೋಪನ್ನು 1930ರಲ್ಲಿ ತಂದವರು ವಿಲಿಯಂ ವೀವರ್, ಅದರ ಹೆಸರು 330. ಒರೆಗಾನ್ ರಾಜ್ಯದ ಲ್ಯೂಪೋಲ್ಡ್ ಸಂಸ್ಥೆ 1947ರಲ್ಲಿ ಒಳಗೆ ನೈಟ್ರೋಜನ್ ತುಂಬಿ, ಮಂಜು ಕಟ್ಟದ ಸ್ಕೋಪ್ ಮಾಡಿತು.

ಆದರೆ ವಿಂಚೆಸ್ಟರ್ 1894ರವರಿಗೆ ಇದರಿಂದ ಪ್ರಯೋಜನವಾಗಲಿಲ್ಲ. ಕಾರಣ ವಿಚಿತ್ರ. ಬ್ರೌನಿಂಗ್‌ರ ಆ ವಿನ್ಯಾಸದಲ್ಲಿ ಖಾಲಿ ತೋಟಾ ನೇರವಾಗಿ ಮೇಲಕ್ಕೆ ಹಾರುತ್ತದೆ. ಸ್ಕೋಪ್ ಇರಬೇಕಾದದ್ದೂ ಅಲ್ಲೇ! ಪಕ್ಕಕ್ಕೆ ಸರಿಸಿ ಕೂರಿಸಿದರೆ ಕತ್ತು ಓರೆ ಮಾಡಿ ನೋಡಬೇಕು. ಪ್ರತಿಸ್ಪರ್ಧಿ ಮಾರ್ಲಿನ್ ಕಂಪನಿ 1889ರಿಂದಲೇ ಮೇಲ್ಭಾಗ ಮುಚ್ಚಿ, ತೋಟಾವನ್ನು ಬಲಬದಿಗೆ ಹೊರಹಾಕುವ ರೈಫಲ್ ಮಾಡುತ್ತಿತ್ತು. ಆಗ ಅದು ಮಳೆ ನೀರು, ಕಸ ಒಳಗೆ ಬೀಳದಿರಲೆಂದು ಮಾಡಿದ ಉಪಾಯ. ಅರವತ್ತು ವರ್ಷದ ನಂತರ ಅದೇ ವರವಾಯಿತು. 1948ರಲ್ಲಿ ಬಂದ ಮಾರ್ಲಿನ್ 336ರ ಚಪ್ಪಟೆ ಬೆನ್ನಿನ ಮೇಲೆ ಸ್ಕೋಪ್ ಅಚ್ಚುಕಟ್ಟಾಗಿ ಕೂತಿತು. ವಿಂಚೆಸ್ಟರ್ ತನ್ನ ರೈಫಲ್‌ನ ತೋಟಾವನ್ನು ಓರೆಯಾಗಿ ಹಾರಿಸುವಂತೆ ತಿದ್ದಿದ್ದು 1980ರ ದಶಕದಲ್ಲಿ. ಅಷ್ಟರಲ್ಲಿ ಬಹಳ ನೀರು ಹರಿದುಹೋಗಿತ್ತು.

ಅದೇ ದಶಕದಲ್ಲಿ ಜೆಫ್ ಕೂಪರ್ ಎಂಬ ಅಮೆರಿಕದ ಬಂದೂಕು ತಜ್ಞರು ಸ್ಕೋಪನ್ನು ಕಣ್ಣಿನ ಬಳಿ ಬಿಟ್ಟು ಮುಂದೆ, ನಳಿಗೆಯ ಮೇಲೆ ಕೂರಿಸುವ ಕ್ರಮವನ್ನು ಪ್ರಚಾರ ಮಾಡಿದರು. ಮೇಲಕ್ಕೆ ತೋಟಾ ಹಾರಿಸುವ ಹಳೆಯ ರೈಫಲ್‌ಗಳಿಗೂ ಇದು ಒಂದು ದಾರಿಯಾಯಿತು. ಇನ್ನೊಂದು ಸೂಕ್ಷ್ಮ ಇದೆ. ಹಳೆಯ ಲಿವರ್ ರೈಫಲ್‌ನ ಮರದ ಹಿಡಿ ತಗ್ಗಾಗಿರುತ್ತದೆ, ನಳಿಗೆಗೆ ಅಂಟಿದ ಸೈಟ್‌ಗೆ ತಕ್ಕಂತೆ ಮಾಡಿದ್ದು. ಎತ್ತರದ ಸ್ಕೋಪ್ ನೋಡಲು ಗಲ್ಲವನ್ನು ಹಿಡಿಯಿಂದ ಎತ್ತಬೇಕಾಗುತ್ತದೆ, ಗುರಿ ಅಲ್ಲಾಡುತ್ತದೆ. ಅದಕ್ಕೇ ಹಿಡಿಗೆ ಚರ್ಮದ ದಿಂಬು ಕಟ್ಟಿಕೊಳ್ಳುವ ರೂಢಿ.

ಕೆಂಪು ಚುಕ್ಕಿ ಬಂದದ್ದು

ಡಬ್ಲಿನ್‌ನ ಹವಾರ್ಡ್ ಗ್ರಬ್ ದೂರದರ್ಶಕಗಳನ್ನು ತಯಾರಿಸುತ್ತಿದ್ದವರು. ಗಾಜಿನ ಮೇಲೆ ಬೆಳಕಿನ ಗುರುತನ್ನು ಪ್ರತಿಫಲಿಸಿ, ಅದು ಬಹುದೂರದಲ್ಲಿ ತೇಲುತ್ತಿರುವಂತೆ ಕಾಣಿಸುವ ಸೈಟನ್ನು ಅವರು 1900ರಲ್ಲೇ ರೂಪಿಸಿದ್ದರು. ಸ್ವೀಡನ್ನಿನ ಏಮ್‌ಪಾಯಿಂಟ್ ಸಂಸ್ಥೆ 1975ರಲ್ಲಿ ಅದೇ ವಿಚಾರವನ್ನು ಬ್ಯಾಟರಿಯ ಕೆಂಪು ಚುಕ್ಕಿಯಾಗಿ ಮಾರುಕಟ್ಟೆಗೆ ತಂದಿತು. ಇದರಲ್ಲಿ ಕಚ್ಚೂ ಇಲ್ಲ, ಮಣಿಯೂ ಇಲ್ಲ. ಗುರಿಯನ್ನು ನೋಡಿ, ಚುಕ್ಕಿ ಅದರ ಮೇಲಿರಲಿ, ಅಷ್ಟೇ. ದೂರದ್ದು ಚೆನ್ನಾಗಿ ಕಾಣುವ, ಹತ್ತಿರದ್ದು ಕಾಣದ ಚಾಳೀಸಿನ ಕಣ್ಣಿಗೆ ಇದು ಹೇಳಿ ಮಾಡಿಸಿದಂತಿದೆ.

ಒಂದು ಎಚ್ಚರಿಕೆಯ ಮಾತು. ಅಸ್ಟಿಗ್ಮಾಟಿಸಂ ಇರುವವರಿಗೆ ಆ ಚುಕ್ಕಿ ದುಂಡಗೆ ಕಾಣುವುದಿಲ್ಲ. ಬಾಲಚುಕ್ಕಿಯಂತೆಯೋ ಚೆದರಿದ ನಕ್ಷತ್ರದಂತೆಯೋ ಕಾಣುತ್ತದೆ. ಸೈಟ್ ಹಾಳಾಗಿದೆ ಎಂದು ಅಂಗಡಿಗೆ ಹಿಂತಿರುಗಿಸುವವರು ಒಂದು ಸಲ ಕಣ್ಣಿನ ಡಾಕ್ಟರ ಬಳಿ ಹೋದರೆ ಒಳ್ಳೆಯದು.

ಕನ್ನಡಕದ ಅಧ್ಯಕ್ಷ

ಕಣ್ಣಿನ ಕೊರತೆಯನ್ನು ಒಪ್ಪಿಕೊಂಡ ಬೇಟೆಗಾರರ ಮಾತು ಬಂದಾಗ ಥಿಯೊಡೋರ್ ರೂಸ್‌ವೆಲ್ಟ್‌ರನ್ನು (1858-1919) ನೆನೆಯಬೇಕು. ಅವರದು ಚಾಳೀಸಲ್ಲ, ಹುಟ್ಟಿನಿಂದಲೇ ಬಂದಂಥ ಸಮೀಪದೃಷ್ಟಿ. ಹುಡುಗನಾಗಿದ್ದಾಗ ಕೈಗೆ ಮೊದಲ ಬಂದೂಕು ಬಂತು. ಜೊತೆಗಾರರು ಗುಂಡು ಹಾರಿಸುವ ಹಕ್ಕಿಗಳು ಇವರಿಗೆ ಕಾಣುತ್ತಲೇ ಇರಲಿಲ್ಲ. ಆಗಲೇ ತನ್ನ ಕಣ್ಣಿನಲ್ಲಿ ದೋಷವಿದೆಯೆಂದು ಅವರಿಗೆ ತಿಳಿದದ್ದು. ಕನ್ನಡಕ ಬಂದ ಮೇಲೆ ಲೋಕ ಇಷ್ಟು ಚೆಂದವೇ ಎಂದು ಬೆರಗಾದದ್ದನ್ನು 1913ರ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅಧ್ಯಕ್ಷರಾಗಿದ್ದಾಗ ಮುಷ್ಟಿಯುದ್ಧದ ಅಭ್ಯಾಸದಲ್ಲಿ ಪೆಟ್ಟು ಬಿದ್ದು ಎಡಗಣ್ಣಿನ ದೃಷ್ಟಿ ಹೋಯಿತು. ಆದರೂ 1909ರಲ್ಲಿ, ಐವತ್ತು ದಾಟಿದ ಮೇಲೆ, ಆಫ್ರಿಕಕ್ಕೆ ಹೊರಟರು. ಕೈಯಲ್ಲಿ ಇದ್ದ ಬಂದೂಕುಗಳಲ್ಲಿ ಒಂದು ಆಂಡರ್ಸನ್‌ರದೇ ಮಾದರಿಯ .405 ವಿಂಚೆಸ್ಟರ್. ಪೆಟ್ಟಿಗೆಯಲ್ಲಿ ಹೆಚ್ಚುವರಿ ಕನ್ನಡಕಗಳು. 1912ರ ಅಕ್ಟೋಬರ್ 14ರಂದು ಮಿಲ್‌ವಾಕಿಯಲ್ಲಿ ಒಬ್ಬ ಅವರ ಎದೆಗೆ ಗುಂಡು ಹಾರಿಸಿದಾಗ ಗುಂಡಿನ ವೇಗ ತಗ್ಗಿಸಿದ್ದು ಜೇಬಿನಲ್ಲಿದ್ದ ಮಡಚಿದ ಭಾಷಣದ ಹಾಳೆಗಳು ಮತ್ತು ಕನ್ನಡಕದ ಲೋಹದ ಡಬ್ಬಿ. ಕನ್ನಡಕ ಅವರಿಗೆ ಜೀವದಾನವನ್ನೇ ಮಾಡಿತು.

ಕನ್ನಡಕದಲ್ಲೂ ಒಂದು ತಂಟೆ ಇದೆ. ಮೇಲೆ ದೂರದ, ಕೆಳಗೆ ಓದುವ ಮಸೂರ ಸೇರಿಸಿದ ಜೋಡಿ ಕನ್ನಡಕವನ್ನು ಬೆಂಜಮಿನ್ ಫ್ರಾಂಕ್ಲಿನ್ 1784ರ ಒಂದು ಪತ್ರದಲ್ಲಿ ಹೊಗಳಿದ್ದಾರೆ. ಓದುವವರಿಗೆ ಅದು ವರ. ಆದರೆ ರೈಫಲ್‌ಗೆ ಗಲ್ಲ ತಾಗಿಸಿ ತಲೆ ತಗ್ಗಿಸಿದಾಗ ನೋಟ ಹಾಯುವುದು ಗಾಜಿನ ಮೇಲ್ಭಾಗದಿಂದ. ಸೈಟ್ ನೋಡಲು ಬೇಕಾದ ಮಸೂರ ಕೆಳಗೆ ಉಳಿದುಬಿಡುತ್ತದೆ. ಆದ್ದರಿಂದ ಗುರಿಕಾರರು ಮುಂದಿನ ಮಣಿಯ ದೂರಕ್ಕೆ ಸರಿಹೊಂದುವ ಬೇರೆ ಕನ್ನಡಕವನ್ನೇ ಮಾಡಿಸಿಕೊಳ್ಳುವುದುಂಟು.

ಹಾಗಾದರೆ ಆಯ್ಕೆ ಯಾವುದು?

ಇತಿಹಾಸವೇ ಒಂದು ಕ್ರಮವನ್ನು ಹೇಳಿಕೊಡುತ್ತದೆ. ಮೊದಲು ಕಣ್ಣಿನ ಪರೀಕ್ಷೆ. ಮಸುಕಿಗೆ ಕಾರಣ ಚಾಳೀಸೋ ಪೊರೆಯೋ ಗೊತ್ತಾಗಬೇಕು. ಪೊರೆಗೆ ಶಸ್ತ್ರಚಿಕಿತ್ಸೆ ಇದೆ, ಸೈಟ್ ಬದಲಿಸಿ ಪ್ರಯೋಜನವಿಲ್ಲ. ಮಣಿ ಕಾಣುತ್ತಿದ್ದು ಕಚ್ಚು ಮಾತ್ರ ಮಸುಕಾದರೆ ಲೈಮನ್‌ರ ತೂತು ಸಾಕು. ಮಣಿಯೂ ಕಾಣದಿದ್ದರೆ ಸ್ಕೋಪ್ ಅಥವಾ ಕೆಂಪು ಚುಕ್ಕಿ. ವಯಸ್ಸಾದ ಕಣ್ಣಿನ ಪಾಪೆ ಕತ್ತಲಲ್ಲಿ ಮೊದಲಿನಷ್ಟು ಅಗಲವಾಗುವುದಿಲ್ಲ, ಆದ್ದರಿಂದ ತೂತು ದೊಡ್ಡದಿರಲಿ, ಸ್ಕೋಪ್‌ನ ವರ್ಧನೆ ಕಡಿಮೆ ಇರಲಿ.

ಆದರೆ ಅಜ್ಜನ ಬಂದೂಕಿನ ವಿಷಯದಲ್ಲಿ ಮನಸ್ಸು ಇಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ವಿಂಚೆಸ್ಟರ್ ಕಂಪನಿ ತಯಾರಿಕೆಯ ರೀತಿ ಬದಲಿಸಿದ್ದು 1964ರಲ್ಲಿ. ಅದಕ್ಕೂ ಹಿಂದಿನ ರೈಫಲ್‌ಗಳಿಗೆ ಸಂಗ್ರಾಹಕರಲ್ಲಿ ಬೇರೆಯೇ ಬೆಲೆ. ಸ್ಕೋಪ್ ಕೂರಿಸಲೆಂದು ಹೊಸ ರಂಧ್ರ ಕೊರೆದರೆ ಆ ಬೆಲೆ ಬಿದ್ದುಹೋಗುತ್ತದೆ. ಬೆಲೆಗಿಂತ ಹೆಚ್ಚಾಗಿ, ಹಿರಿಯರ ಕೈಯ ಸವೆತ ಇರುವ ವಸ್ತುವಿಗೆ ಡ್ರಿಲ್ ಹಾಕಲು ಕೈ ಬರುವುದಿಲ್ಲ. ಹಳೆಯ ರೈಫಲ್‌ಗಳಲ್ಲಿ ಅನೇಕವಕ್ಕೆ ಟ್ಯಾಂಗ್‌ನಲ್ಲಿ ಕಾರ್ಖಾನೆಯವರೇ ಕೊರೆದ ರಂಧ್ರ ಇರುತ್ತದೆ. ಲೈಮನ್‌ರ ಸೈಟ್ ಅಲ್ಲಿಗೆ ಸರಾಗವಾಗಿ ಕೂರುತ್ತದೆ, ಬೇಡವಾದಾಗ ಬಿಚ್ಚಲೂಬಹುದು. ವಸ್ತುವೂ ಉಳಿಯಿತು, ನೋಟವೂ ಉಳಿಯಿತು.

ಕೊನೆಗೊಂದು ಮಾತು ಮಿತ್ರರೇ. ಯಾವ ಸೈಟ್ ಇದ್ದರೂ ಪೊದೆಯ ಹಿಂದೆ ಅಲುಗಾಡುವುದು ಏನೆಂದು ತಿಳಿಯದೆ ಟ್ರಿಗರ್ ಮುಟ್ಟಬಾರದು. ಅಮೆರಿಕದ ಅನೇಕ ರಾಜ್ಯಗಳಲ್ಲಿ ಬೇಟೆಗಾರರು ಹೊಳೆಯುವ ಕಿತ್ತಳೆ ಬಣ್ಣದ ಬಟ್ಟೆ ತೊಡುವುದು ಕಡ್ಡಾಯ. ಪ್ರಾಣಿಯೆಂದು ತಿಳಿದು ಮನುಷ್ಯರಿಗೇ ಗುಂಡು ಹೊಡೆದ ದುರಂತಗಳಿಂದ ಬಂದ ನಿಯಮ ಅದು. ಗುರುತಿಸಲು ಬೈನಾಕ್ಯುಲರ್ ಬೇಕು, ರೈಫಲ್‌ನ ಸ್ಕೋಪ್ ಅದಕ್ಕಲ್ಲ. ಯಾವ ಸಾಧನದಿಂದಲೂ ಸ್ಪಷ್ಟವಾಗಿ ಕಾಣದ ದಿನ ಬಂದಾಗ ರೈಫಲನ್ನು ಮೊಮ್ಮಗನ ಕೈಗಿಟ್ಟು, ತಾನು ಪಕ್ಕದಲ್ಲಿ ಕೂತು ಹೆಜ್ಜೆಗುರುತು ಓದುವುದನ್ನು ಕಲಿಸುವ ಹಿರಿಯರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದೂ ಒಂದು ಆಯ್ಕೆಯೇ.

ನಮ್ಮ ನಿಮ್ಮ ಕೈಯಲ್ಲಿ ಬಂದೂಕಿಲ್ಲ ನಿಜ. ಆದರೆ ರಾತ್ರಿ ಹೊತ್ತು ಎದುರಿನ ಗಾಡಿಯ ದೀಪಕ್ಕೆ ಕಣ್ಣು ಕತ್ತಲಿಟ್ಟರೂ "ನನಗೇನಾಗಿದೆ, ಚೆನ್ನಾಗಿಯೇ ಕಾಣುತ್ತದೆ" ಎಂದು ಸ್ಟಿಯರಿಂಗ್ ಬಿಡದವರು ನಮ್ಮ ಮನೆಗಳಲ್ಲೂ ಇದ್ದಾರಲ್ಲವೇ? ಈ ಪುಟವನ್ನು ಅವರಿಗೆ ಓದಲು ಕೊಡಿ. ಕೈ ಚಾಚಿ ದೂರ ಹಿಡಿದು ಓದಿದರೆ, ಮರುದಿನವೇ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿ.